ಹನ್ನೊಂದು ಹೊಲಿಗೆ, ಎರಡು ಸಾವಿರದ ಮುನ್ನೂರ ಆರು ಸಂದೇಶ

ಇವರಿಗೆ,
ಮಾನ್ಯ ನಿರ್ವಾಹಕರು,
ಹಳೆಯ ಹೊಲಿಗೆ ಯಂತ್ರ ರಿಪೇರಿಗಾರರ ಇ-ಮೇಲ್ ಚರ್ಚಾ ಪಟ್ಟಿ

ವಿಷಯ: ತಮ್ಮ ಪಟ್ಟಿಯಿಂದ ಬರುತ್ತಿರುವ ಸಂದೇಶಗಳ ಕುರಿತು ಇನ್ನೊಂದು ಸಂದೇಶ

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ‘ಸದಸ್ಯರು ದಯವಿಟ್ಟು ವಿಷಯ ಬಿಟ್ಟು ಹೋಗಬಾರದು’ ಎಂಬ ತಮ್ಮ ಒಂದು ಸಾಲು ತಪ್ಪದೆ ತಲುಪುತ್ತಿರುವುದರಿಂದ ತಮ್ಮ ಆರೋಗ್ಯದ ಬಗ್ಗೆ ನನಗೆ ಚಿಂತೆಯಿಲ್ಲ. ವಿಷಯ ಎಂದರೇನು, ಬಿಟ್ಟು ಹೋಗುವುದು ಎಂದರೇನು, ಹೋದವರು ಯಾರು ಎಂದು ಆ ಸಾಲಿನ ಮೇಲೆ ಎಂಬತ್ತು ಸದಸ್ಯರು ಮೂರು ದಿನ ಚರ್ಚೆ ನಡೆಸುವುದರಿಂದ ತಮ್ಮ ಮಾತಿಗಿರುವ ತೂಕದ ಬಗ್ಗೆಯೂ ಸಂಶಯವಿಲ್ಲ. ಸಾವಿರದ ನೂರು ಜನರ ಬಾಯಿಗೆ ಒಬ್ಬರೇ ಕಾವಲು ಕೂತಿರುವ, ಮುಖ ತೋರಿಸದ, ಹೆಸರು ಹೇಳದ ತಮಗೆ ನನ್ನ ಹೃತ್ಪೂರ್ವಕ ನಮಸ್ಕಾರಗಳು.

ನನ್ನ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ಒಂದು ಬೇಕರಿಗೂ ಒಂದು ಕನ್ನಡಕದ ಅಂಗಡಿಗೂ ನಡುವೆ, ಅವರಿಬ್ಬರೂ ತುಸು ಸರಿದು ಕೂತು ಬಿಟ್ಟುಕೊಟ್ಟಂತಿರುವ ಕಿರಿದಾದ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತಿರುವ ಹೆಂಗಸು ನಾನು. ಅಪ್ಪ ದರ್ಜಿಯಾಗಿದ್ದರು, ಅವರು ಬಟ್ಟೆ ಹೊಲಿಯುವಾಗ ನಾನು ಮೇಜಿನ ಕೆಳಗೆ ಕೂತು ಚಕ್ರ ತಿರುಗುವುದನ್ನು ನೋಡುತ್ತಿದ್ದೆನಂತೆ. ಬಟ್ಟೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ ಎನ್ನುವುದು ಮನೆಯವರೆಲ್ಲ ಒಪ್ಪಿಕೊಂಡಿರುವ ಮಾತು.

ತಮ್ಮ ಪಟ್ಟಿಯ ಬಳಿ ನಾನು ಬಂದದ್ದು ಒಂದು ಶಟಲ್‌ನಿಂದಾಗಿ. ಕೈಯಲ್ಲಿ ತಿರುಗಿಸುವ ಒಂದು ಹಳೆಯ ಯಂತ್ರವನ್ನು ಒಬ್ಬ ಅಜ್ಜಿ ಶಾಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದರು. ಕೆಳಗಿನ ದಾರವನ್ನು ಹೊತ್ತು ಅತ್ತಿತ್ತ ಓಡಾಡುವ ಅದರ ದೋಣಿಯಾಕಾರದ ಶಟಲ್ ಮೂಗು ಮುರಿದುಕೊಂಡಿತ್ತು. ಅಂಥದ್ದನ್ನು ಮಾಡುವುದನ್ನು ಜಗತ್ತು ನಿಲ್ಲಿಸಿ ಎಷ್ಟು ಕಾಲವಾಯಿತೋ ಏನೋ. ಯಾರೋ ಹೇಳಿದರೆಂದು ತಮ್ಮ ಪಟ್ಟಿಗೆ ಸೇರಿ, ಅಂಜುತ್ತಂಜುತ್ತ ನಾಲ್ಕು ಸಾಲಿನ ಪ್ರಶ್ನೆ ಕೇಳಿದೆ. ಇಪ್ಪತ್ತು ನಿಮಿಷದಲ್ಲಿ, ನಾನು ಕಾಣದ ಸಮುದ್ರದ ಆಚೆಯಿಂದ, ನಾನು ಕಾಣದ ಒಬ್ಬರು ಅಳತೆಸಹಿತ ನಕ್ಷೆ ಬರೆದು ಕಳುಹಿಸಿದರು. ಅದನ್ನು ನೋಡಿಕೊಂಡು ಲೇತ್ ಕೆಲಸದವರ ಬಳಿ ಶಟಲ್ ಮಾಡಿಸಿದೆ, ಯಂತ್ರ ಓಡಿತು, ಅಜ್ಜಿ ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದರು. ಈ ಉಪಕಾರವನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ; ಮರೆಯಲು ತಮ್ಮ ಪಟ್ಟಿ ಬಿಟ್ಟರೆ ತಾನೆ.

ಮೊದಲ ದಿನ ಒಂಬತ್ತು ಸಂದೇಶ ಬಂದವು, ಒಂಬತ್ತೂ ನನ್ನ ಶಟಲ್ ಕುರಿತು. ಎರಡನೆಯ ದಿನ ನಲವತ್ತು ಬಂದವು, ಅವು ಶಟಲ್ ಕುರಿತು ಬರೆದ ಒಂಬತ್ತು ಜನರ ಕುರಿತು. ಮೂರನೆಯ ವಾರದ ಹೊತ್ತಿಗೆ ದಿನಕ್ಕೆ ಇನ್ನೂರು ದಾಟಿತ್ತು. ಆಗ ನಡೆಯುತ್ತಿದ್ದದ್ದು ಎಣ್ಣೆಯ ಜಗಳ. ಹೊಲಿಗೆ ಯಂತ್ರಕ್ಕೆ ತೆಳು ಎಣ್ಣೆ ಬಿಡಬೇಕೋ, ಅದಕ್ಕಿಂತ ತೆಳು ಎಣ್ಣೆ ಬಿಡಬೇಕೋ ಎಂಬ ಒಂದೇ ವಿಷಯದ ಮೇಲೆ ಎರಡು ಪಂಗಡಗಳು ಹುಟ್ಟಿ, ಒಂದು ಪಂಗಡ ಒಳಗೊಳಗೇ ಒಡೆದು, ಒಡೆದವರಲ್ಲಿ ಇಬ್ಬರಿಗೆ ಮದುವೆ ನಿಶ್ಚಯವಾಗಿ, ಅವರಿಗೆ ಶುಭ ಕೋರಿದ ನೂರ ಮೂವತ್ತು ಜನ ಶುಭಾಶಯದ ಕೆಳಗೆ ಮತ್ತೆ ತಮ್ಮ ತಮ್ಮ ಎಣ್ಣೆಯ ಹೆಸರು ಬರೆದರು. ಪ್ರತಿಯೊಬ್ಬರೂ ಹಿಂದಿನವರು ಬರೆದದ್ದನ್ನೆಲ್ಲ ಒಂದಕ್ಷರ ಬಿಡದೆ ಬಾಲದಂತೆ ಕಟ್ಟಿಕೊಂಡೇ ಉತ್ತರಿಸುತ್ತಿದ್ದುದರಿಂದ, ಕೊನೆಗೆ ‘ನನ್ನ ಅಭಿಪ್ರಾಯವೂ ಅದೇ’ ಎಂಬ ಮೂರು ಪದ ಓದಿದ ಮೇಲೆ, ‘ಅದೇ’ ಎಂದರೆ ಯಾವುದು ಎಂದು ತಿಳಿಯಲು ನಾನು ಮೂವತ್ತೆಂಟು ಪುಟ ಕೆಳಗಿಳಿಯಬೇಕಾಗುತ್ತಿತ್ತು.

ಅಷ್ಟರಲ್ಲಿ ಒಬ್ಬ ಮಹನೀಯರು ರಜೆಯ ಮೇಲೆ ಹೋದರು. ಹೋಗುವ ಮುನ್ನ, ಯಾರೇ ಮೇಲ್ ಕಳುಹಿಸಿದರೂ ‘ನಾನು ರಜೆಯಲ್ಲಿದ್ದೇನೆ, ಬಂದ ಮೇಲೆ ಉತ್ತರಿಸುವೆ’ ಎಂದು ತಾನಾಗಿ ಉತ್ತರ ಹೋಗುವಂತೆ ಏರ್ಪಾಟು ಮಾಡಿ ಹೋದರು. ಆ ಉತ್ತರ ಪಟ್ಟಿಗೇ ಬಂತು. ಪಟ್ಟಿ ಅದನ್ನು ಎಲ್ಲರಿಗೂ, ಅವರಿಗೂ, ಕಳುಹಿಸಿತು. ಅದಕ್ಕೆ ಅವರ ಕಡೆಯಿಂದ ಮತ್ತೆ ಉತ್ತರ ಬಂತು. ಹೀಗೆ ಯಾವುದೋ ಸಮುದ್ರತೀರದಲ್ಲಿ ಕಾಲು ಚಾಚಿ ಮಲಗಿದ್ದ ಮನುಷ್ಯರೊಬ್ಬರು ತಮ್ಮೊಡನೆ ತಾವೇ ಎರಡು ದಿನ ಮಾತಾಡಿಕೊಂಡದ್ದಕ್ಕೆ ನಾವೆಲ್ಲ ಸಾಕ್ಷಿಯಾದೆವು. ಬೇಸತ್ತ ಕೆಲವರು ‘ನನ್ನನ್ನು ಪಟ್ಟಿಯಿಂದ ತೆಗೆಯಿರಿ’ ಎಂದು ಇಡೀ ಪಟ್ಟಿಗೆ ಬರೆದರು. ‘ಹಾಗೆ ಇಡೀ ಪಟ್ಟಿಗೆ ಬರೆಯಬೇಡಿ’ ಎಂದು ಉಳಿದವರು ಇಡೀ ಪಟ್ಟಿಗೆ ಬರೆದರು. ಇಷ್ಟಾದರೂ ತುಟಿ ಪಿಟಿಕ್ಕೆನ್ನದೆ ಕೂತ ತಮ್ಮ ಸಹನೆಯನ್ನು ನಾನು ನಮ್ಮ ಬೀದಿಯಲ್ಲೆಲ್ಲ ಹೊಗಳಿಕೊಂಡು ತಿರುಗಿದ್ದೇನೆ.

ನಾನೇನೂ ಕೈಕಟ್ಟಿ ಕೂರಲಿಲ್ಲ. ಒಂದೊಂದಾಗಿ ಅಳಿಸಿ ನೋಡಿದೆ. ಎಡಗೈಯಲ್ಲಿ ಅಳಿಸುತ್ತ ಬಲಗೈಯಲ್ಲಿ ಸೂಜಿ ಹಾಕಲು ಹೋಗಿ ಬೆರಳು ಚುಚ್ಚಿಕೊಂಡೆ. ದಿನದ ಸಂದೇಶಗಳನ್ನೆಲ್ಲ ಒಂದೇ ಕಟ್ಟಾಗಿ ಕಳುಹಿಸುವ ಸೌಲಭ್ಯ ತಮ್ಮಲ್ಲಿದೆ ಎಂದು ತಿಳಿದು ಅದನ್ನು ಬೇಡಿದೆ. ಬಂದ ಕಟ್ಟನ್ನು ತೆರೆಯುವಷ್ಟರಲ್ಲಿ ನನ್ನ ಹಳೆಯ ಕಂಪ್ಯೂಟರ್ ಏದುಸಿರು ಬಿಟ್ಟು ನಿಂತುಹೋಯಿತು. ಕೊನೆಗೆ ಈ ಕೆಲಸವನ್ನು ಬಲ್ಲವರ ಕೈಗೆ ಒಪ್ಪಿಸಿದೆ. ನಮ್ಮ ಮನೆಯವರು ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವರು. ಮೂವತ್ತೊಂದು ವರ್ಷದಲ್ಲಿ ತಮ್ಮ ಕೈಯಿಂದ ಒಂದೇ ಒಂದು ಪತ್ರ ತಪ್ಪು ಖಾನೆಗೆ ಬಿದ್ದಿಲ್ಲ ಎಂಬುದು ಅವರು ಊಟಕ್ಕೆ ಕೂತಾಗಲೆಲ್ಲ ಹೇಳುವ ಮಾತು. ಅವರು ನನ್ನ ಸ್ಟೂಲನ್ನು ಎಳೆದುಕೊಂಡು, ತೋಳು ಮಡಚಿಕೊಂಡು, ‘ಇದೇನು ಮಹಾ ವಿದ್ಯೆ? ಒಂದು ಖಾನೆ ಮಾಡಿದ್ರೆ ಆಯ್ತು. ಹೊಲಿಗೆ ಅನ್ನೋ ಪದ ಎಲ್ಲಿ ಕಂಡ್ರೂ ಆ ಮೇಲ್ ಸೀದಾ ಅದರೊಳಗೆ ಹೋಗ್ಲಿ. ನಿಂಗೆ ಪುರುಸೊತ್ತಾದಾಗ ತೆಗೆದು ನೋಡು’ ಎಂದು ಹತ್ತು ನಿಮಿಷದಲ್ಲಿ ಫಿಲ್ಟರ್ ಹಾಕಿಕೊಟ್ಟರು. ಖಾನೆಯೊಳಗೂ ಅಂಚೆ ಕಚೇರಿಯ ಶಿಸ್ತೇ: ಮೊದಲು ಬಂದದ್ದು ಮೇಲೆ, ಆಮೇಲೆ ಬಂದದ್ದು ಕೆಳಗೆ.

ಮಾರನೆಯ ಬೆಳಿಗ್ಗೆ ಮೇಲ್ ತೆರೆದರೆ ಎರಡೇ ಸಂದೇಶ. ಸಂತೆ ಮುಗಿದ ಮೇಲಿನ ಬಯಲಿನಂತೆ ಅಷ್ಟು ಶಾಂತಿ. ಖಾನೆಯ ಕಡೆ ನಾನು ತಲೆಯನ್ನೇ ಹಾಕಲಿಲ್ಲ. ನಾಲ್ಕೈದು ದಿನ ನೆಮ್ಮದಿಯಾಗಿ ಕೆಲಸ ಮಾಡಿದೆ. ಇದು ತಮಗೆ ನೋವಾಗುವ ಸಂಗತಿಯಾದರೂ ಹೇಳದೆ ವಿಧಿಯಿಲ್ಲ.

ಮಾನ್ಯರೇ, ಇನ್ನು ನನ್ನ ಅಕ್ಕನ ವಿಷಯ. ತಮ್ಮ ನಿಯಮದ ಪ್ರಕಾರ ಇದು ವಿಷಯ ಬಿಟ್ಟು ಹೋಗುವುದಾಗುತ್ತದೆ, ಕ್ಷಮಿಸಬೇಕು.

ನನಗಿಂತ ಏಳು ವರ್ಷ ದೊಡ್ಡವಳು. ಬೇರೆ ಊರಲ್ಲಿ, ರೈಲಿನಲ್ಲಿ ಏಳು ಗಂಟೆಯ ದೂರದಲ್ಲಿ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿ ಒಬ್ಬಳೇ ಇದ್ದಾಳೆ. ಅಪ್ಪ ಹೋದ ಮೇಲೆ ಅವರ ಯಂತ್ರವನ್ನು ಅವಳು ತೆಗೆದುಕೊಂಡು ಹೋದಳು. ಮುಂದಿನ ಸಲ ನಾನು ಹೋದಾಗ ನೋಡುತ್ತೇನೆ, ಯಂತ್ರವನ್ನು ಕಳಚಿ ಅಟ್ಟಕ್ಕೆ ಹಾಕಿ, ಅದರ ಕಬ್ಬಿಣದ ಕಾಲಿನ ಮೇಲೆ ದಪ್ಪ ಗಾಜು ಕೂರಿಸಿ ಊಟದ ಮೇಜು ಮಾಡಿಕೊಂಡಿದ್ದಾಳೆ. ‘ನಾಳೆ ಅಪ್ಪನ ಕನ್ನಡಕ ತೆಗೆದು ಕಿಟಕಿಗೆ ಹಾಕ್ಕೋ’ ಎಂದೆ. ‘ನಿನ್ನ ಅಂಗಡೀಲಿ ಮೂಲೆಗೆ ಬಿದ್ದು ತುಕ್ಕು ಹಿಡಿಯೋ ಬದ್ಲು ದಿನಾ ಅಪ್ಪನ ಜೊತೆ ಊಟಕ್ಕೆ ಕೂತಂಗಿರುತ್ತೆ’ ಎಂದಳು. ನಾನು ಇನ್ನೊಂದು ಹೇಳಿದೆ, ಅವಳು ಅದಕ್ಕಿಂತ ದೊಡ್ಡದೊಂದು ಹೇಳಿದಳು. ಊಟ ಮಾಡದೆ ಎದ್ದು ಬಂದೆ. ಆರು ವರ್ಷ ಮಾತಿಲ್ಲ, ಕತೆಯಿಲ್ಲ. ನೋಡಿ, ಎಣ್ಣೆಗಾಗಿ ಜಗಳವಾಡುವವರನ್ನು ಆಡಿಕೊಳ್ಳುವ ಯೋಗ್ಯತೆ ನನಗೆಷ್ಟಿದೆ ಎಂದು.

ಪಟ್ಟಿ ಬಿಟ್ಟುಬಿಡೋಣ ಎಂದು ನಾನು ತೀರ್ಮಾನಿಸಿದ್ದು ಒಂದು ಮಂಗಳವಾರ. ಅದಕ್ಕೂ ಕಾರಣ ನಾನೇ. ಅದರ ಹಿಂದಿನ ಗುರುವಾರ ಬೆಳಿಗ್ಗೆ ಸದಸ್ಯರೊಬ್ಬರು, ‘ನೀವು ಯಾವ ಎಣ್ಣೆಯ ಕಡೆ?’ ಎಂದು ನೇರವಾಗಿ ನನ್ನ ವಿಳಾಸಕ್ಕೇ ಬರೆದಿದ್ದರು. ಅವರ ಪತ್ರದಲ್ಲಿ ಎಣ್ಣೆಯಿತ್ತೇ ವಿನಾ ಹೊಲಿಗೆ ಇರಲಿಲ್ಲ, ಆದ್ದರಿಂದ ಅದು ಫಿಲ್ಟರ್ ದಾಟಿ ಬಂತು. ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದವಳಿಗೆ ಅಂದು ಏನು ಬಂತೋ, ಹದಿನೆಂಟು ಸಾಲು ಬರೆದು ಇಡೀ ಪಟ್ಟಿಗೆ ಕಳುಹಿಸಿಯೇಬಿಟ್ಟೆ. ಎರಡೂ ಪಂಗಡದವರು ಮೊದಲ ಬಾರಿಗೆ ಒಂದಾಗಿ ನನ್ನ ಮೇಲೆ ಬಿದ್ದರು. ತೊಂಬತ್ತು ಜನ ಹೊಲಿಗೆಯ ಸುದ್ದಿಯನ್ನೇ ಎತ್ತದೆ ನೇರವಾಗಿ ನನ್ನ ವಿಳಾಸಕ್ಕೇ ಬರೆದು, ಫಿಲ್ಟರ್ ದಾಟಿ ಮನೆಬಾಗಿಲಿಗೇ ಬಂದರು.

ಪಟ್ಟಿ ಬಿಡಲು ತಮ್ಮ ನಿಯಮವೇನೆಂದರೆ, ಬಿಡುತ್ತೇನೆಂದು ಮೊದಲು ಒಂದು ಮೇಲ್ ಕಳುಹಿಸಬೇಕು. ಆಗ ‘ನಿಜವಾಗಿಯೂ ಬಿಡುತ್ತೀರಾ’ ಎಂದು ತಮ್ಮ ಯಂತ್ರ ಕೇಳುತ್ತದೆ, ಅದಕ್ಕೆ ಇಪ್ಪತ್ತನಾಲ್ಕು ಗಂಟೆಯೊಳಗೆ ಹೌದೆನ್ನಬೇಕು, ಇಲ್ಲವಾದರೆ ಬಿಟ್ಟಂತಾಗುವುದಿಲ್ಲ. ಗಂಡನ ಮನೆ ಬಿಟ್ಟು ಹೊರಟವಳನ್ನೂ ಯಾರೂ ಇಷ್ಟು ಪ್ರೀತಿಯಿಂದ ತಡೆಯಲಾರರು. ಅಂದೇ ಮೇಲ್ ಕಳುಹಿಸಿದೆ. ಆದರೆ ಬಂದ ಪ್ರಶ್ನೆಯ ತಲೆಯ ಮೇಲೆ ಪಟ್ಟಿಯ ಪೂರ್ತಿ ಹೆಸರಿತ್ತು, ಹೆಸರಿನಲ್ಲಿ ಹೊಲಿಗೆ ಇತ್ತು, ಹೀಗಾಗಿ ಪ್ರಶ್ನೆ ಸೀದಾ ಖಾನೆಗೆ ಹೋಗಿ ಬಿತ್ತು. ಖಾನೆಯಲ್ಲಿ ಎರಡು ಸಾವಿರದ ಮುನ್ನೂರ ಆರು ಸಂದೇಶ.

ಅಂದು ಮನೆಯವರಿಗೆ ರಜೆ. ಮಧ್ಯಾಹ್ನ ಅಂಗಡಿಗೇ ಬಂದು ಪಕ್ಕದಲ್ಲಿ ಕೂತರು. ಕೆಳಗಿನಿಂದ ಹುಡುಕೋಣ, ಬೇಗ ಸಿಗುತ್ತದೆ ಎಂದರೆ ಕೇಳಲಿಲ್ಲ. ‘ಮೇಲಿಂದ ಒಂದೊಂದೇ ನೋಡ್ಬೇಕು, ನಡುವೆ ಹಾರಿದ್ರೆ ವಿಂಗಡಣೆ ಅಲ್ಲ’ ಎಂದು ಕೆಲಸದಲ್ಲಿ ಮಾಡುವಂತೆಯೇ ಕಳುಹಿಸಿದವರ ಹೆಸರು ಗಟ್ಟಿಯಾಗಿ ಓದುತ್ತ ಹೋದರು. ನಾನು ಒಂದು ಬಾಬಿನ್ ಒರೆಸುತ್ತ ಹೂಂಗುಟ್ಟುತ್ತಿದ್ದೆ. ನಾನೂರು ದಾಟಿರಬೇಕು. ಓದು ನಿಂತಿತು. ‘ಇದು ನಿಮ್ಮಕ್ಕಂದು’ ಎಂದರು.

ಎಂಟು ದಿನ ಹಿಂದಿನ ಸೋಮವಾರದ ಮೇಲ್. ಇಷ್ಟೇ ಇತ್ತು: ‘ಹೊಟ್ಟೆಯಲ್ಲಿ ಗಡ್ಡೆ ಇತ್ತು, ತೆಗೆದರು. ಹನ್ನೊಂದು ಹೊಲಿಗೆ ಹಾಕಿದ್ದಾರೆ. ಗುರುವಾರ ಹೊಲಿಗೆ ಬಿಚ್ಚುತ್ತಾರೆ. ಗಡ್ಡೆ ಎಂಥದ್ದು ಅಂತ ಅವತ್ತೇ ಹೇಳುತ್ತಾರಂತೆ. ಬರುವುದಾದರೆ ಬಾ. ಆಗದಿದ್ದರೆ ಬೇಜಾರಿಲ್ಲ.’

ಮನೆಯವರು ತಾರೀಖನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ಆಮೇಲೆ ‘ನಾನು ಹಾಕಿದ ಖಾನೆ’ ಎಂದರು, ಅಷ್ಟೇ. ಆ ರಾತ್ರಿ ಊಟಕ್ಕೆ ಕೂತಾಗ ಮೂವತ್ತೊಂದು ವರ್ಷದ ಮಾತು ಬರಲಿಲ್ಲ. ಅದು ಅವರ ಬಾಯಲ್ಲಿ ಇಂದಿಗೂ ಬಂದಿಲ್ಲ. ನಾನು ಮೂರು ಸಲ ಫೋನ್ ಮಾಡಿದೆ. ಅಕ್ಕ ಎತ್ತಲಿಲ್ಲ. ಬುಧವಾರ ಬೆಳಗಿನ ರೈಲು ಹತ್ತಿದೆ. ಏಳು ಗಂಟೆ ಕಾಲ ಕಿಟಕಿಯ ಆಚೆ ಏನೇನಿತ್ತೋ, ನನಗೆ ಒಂದೂ ಕಾಣಲಿಲ್ಲ.

ಅವಳೇ ಬಾಗಿಲು ತೆರೆದಳು. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಗೋಡೆಯ ಮೇಲೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಯಾವ ಎಣ್ಣೆ ಒಳ್ಳೇದು ಅಂತ ತೀರ್ಮಾನ ಆಯ್ತಾ?’ ಎಂದಳು.

ತಮ್ಮ ಪಟ್ಟಿಯ ಹಳೆಯ ಸಂದೇಶಗಳನ್ನೆಲ್ಲ ಯಾರು ಬೇಕಾದರೂ ಓದಬಹುದಾದಂತೆ ತಾವು ತೆರೆದಿಟ್ಟಿದ್ದೀರಿ ಎಂಬುದು ನನಗೆ ಆ ಹೊಸ್ತಿಲ ಮೇಲೆ ನಿಂತಾಗ ಗೊತ್ತಾಯಿತು. ನಾನು ಸೇರಿದ ದಿನದಿಂದ ಬರೆದದ್ದನ್ನೆಲ್ಲ ಅಕ್ಕ ಓದಿದ್ದಾಳೆ. ಶಟಲ್‌ನ ಮೂಗು, ಬೆಲ್ಟಿನ ಅಳತೆ, ನಾನು ಒಬ್ಬರಿಗೆ ಸೂಜಿ ಹಾಕುವುದನ್ನು ಹೇಳಿಕೊಟ್ಟದ್ದು, ಎಲ್ಲ. ‘ಅದರಲ್ಲಿ ನಿಂಗೆ ಅರ್ಥ ಆಗೋದು ಏನಿರುತ್ತೆ?’ ಎಂದು ಆಮೇಲೆ ಕೇಳಿದೆ. ‘ಏನೂ ಇಲ್ಲ. ನೀನು ಚೆನ್ನಾಗಿದೀಯ ಅಂತ ಗೊತ್ತಾಗ್ತಿತ್ತು’ ಎಂದಳು. ಹೊಲಿಗೆ ಬಿಚ್ಚಿಸಿಕೊಂಡು ಬಂದ ಗುರುವಾರವೂ ಓದಿದಳು. ಅಂದು ನನ್ನ ಹದಿನೆಂಟು ಸಾಲು ಬಂದಿತ್ತು. ‘ಎಣ್ಣೆಗೆ ಹದಿನೆಂಟು ಸಾಲು ಬರೆಯೋಕೆ ಪುರುಸೊತ್ತಿದೆ, ನಂಗೆ ಎರಡು ಸಾಲಿಗಿಲ್ಲ ಅಂದ್ಕೊಂಡೆ. ಫೋನ್ ಯಾಕೆ ಎತ್ಬೇಕು?’ ಎಂದಳು.

ಆ ಗುರುವಾರ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಒಬ್ಬಳೇ ಹೋಗಿದ್ದಳಂತೆ. ಜೊತೆಗೆ ಯಾರು ಬಂದಿದ್ದಾರೆ ಎಂದು ನರ್ಸ್ ಕೇಳಿದಾಗ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಟ್ಯಾಕ್ಸಿ ಚಾಲಕರನ್ನೇ ತೋರಿಸಿದಳಂತೆ. ಗಡ್ಡೆಯಲ್ಲಿ ಕೆಟ್ಟದ್ದೇನೂ ಇಲ್ಲವೆಂದು ವೈದ್ಯರು ಹೇಳಿದ್ದನ್ನು ಮೊದಲು ಕೇಳಿಸಿಕೊಂಡದ್ದು ಆ ಪುಣ್ಯಾತ್ಮರು. ದಾರಿಯುದ್ದಕ್ಕೂ ಹಾಡು ಹಾಕಿಕೊಂಡು ಮನೆಗೆ ತಂದು ಬಿಟ್ಟರಂತೆ. ಅಕ್ಕ ಇದನ್ನು ನಗುನಗುತ್ತಲೇ ಹೇಳಿದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು, ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಆಮೇಲೆ ಎದುರು ಕೂತು ಫಿಲ್ಟರ್ ಕತೆಯನ್ನು ಮೊದಲಿನಿಂದ ಹೇಳಿದೆ. ಅವಳು ನಂಬಲಿಲ್ಲ. ಅವಳ ಮೇಲ್ ಯಾವ ಖಾನೆಯಲ್ಲಿ, ಯಾರ ಯಾರ ನಡುವೆ ಕೂತಿತ್ತು ಎಂದು ತೆರೆದು ತೋರಿಸಿದೆ. ಮೇಲೆ ‘ಪೆಡಲ್ ಕಿರುಗುಟ್ಟುತ್ತಿದೆ, ದಯವಿಟ್ಟು ಸಲಹೆ ಕೊಡಿ’, ಕೆಳಗೆ ‘ನಾನು ರಜೆಯಲ್ಲಿದ್ದೇನೆ’, ನಡುವೆ ಅಕ್ಕ. ‘ಹೊಲಿಗೆ ಅಂತ ಬರೆದಿದ್ದಕ್ಕಾ?’ ಎಂದಳು. ‘ಎರಡು ಸಲ ಬರೆದಿದ್ದೀಯ, ತಪ್ಪಿಸಿಕೊಳ್ಳೋ ದಾರಿಯೇ ಇರಲಿಲ್ಲ’ ಎಂದೆ. ನಗಲು ಶುರು ಮಾಡಿದವಳು ಹೊಟ್ಟೆ ಹಿಡಿದುಕೊಂಡು, ‘ನಗಿಸ್ಬೇಡ ಕಣೇ, ನೋಯುತ್ತೆ’ ಎಂದು ಅಳತೊಡಗಿದಳು. ಅದು ನೋವಿನ ಅಳುವೋ ಬೇರೆಯದೋ ನಾನು ವಿಂಗಡಿಸಲು ಹೋಗಲಿಲ್ಲ.

ಊಟಕ್ಕೆ ಅದೇ ಮೇಜು. ಈ ಸಲ ಎದ್ದು ಹೋಗಲಿಲ್ಲ. ಗಾಜಿನ ಕೆಳಗೆ ನನ್ನ ಪಾದ ತಾನಾಗಿಯೇ ಅಪ್ಪನ ಪೆಡಲ್ ಮೇಲೆ ಹೋಗಿ ಕೂತಿತು, ತುಳಿಯಿತು. ಆರು ವರ್ಷ ಸುಮ್ಮನಿದ್ದ ಕಬ್ಬಿಣ ಕಿರ್ರೆಂದು ಬಾಯಿ ಬಿಟ್ಟಿತು. ಅಕ್ಕ ತಟ್ಟೆಯಿಂದ ತಲೆಯೆತ್ತದೆ, ‘ಇದಕ್ಕೆ ಯಾವ ಎಣ್ಣೆ ಬಿಡ್ಬೇಕು ಅಂತ ದಯವಿಟ್ಟು ಪಟ್ಟಿಯಲ್ಲಿ ಮಾತ್ರ ಕೇಳ್ಬೇಡ’ ಎಂದಳು.

ಇದಿಷ್ಟು ನಡೆದ ಸಂಗತಿ. ಈಗ ತಮ್ಮಲ್ಲಿ ಕೆಲವು ವಿನಂತಿಗಳಿವೆ. ತಮ್ಮಂಥವರಿಗೆ ಇವು ಕಷ್ಟವಾಗಲಾರವು. ತಮ್ಮ ಯಂತ್ರಕ್ಕೆ ಬಟ್ಟೆಯ ಮೇಲಿನ ಹೊಲಿಗೆಗೂ ಹೊಟ್ಟೆಯ ಮೇಲಿನ ಹೊಲಿಗೆಗೂ ಇರುವ ವ್ಯತ್ಯಾಸವನ್ನು ದಯವಿಟ್ಟು ಕಲಿಸಿಕೊಡಬೇಕು. ನಮ್ಮ ಮನೆಯವರ ಫಿಲ್ಟರ್ ಅದನ್ನು ನೋಡಿ ಕಲಿಯಲಿ. ‘ನನ್ನ ಅಭಿಪ್ರಾಯವೂ ಅದೇ’ ಎನ್ನುವವರನ್ನೆಲ್ಲ ವರ್ಷಕ್ಕೊಮ್ಮೆ ಒಂದು ಮೈದಾನದಲ್ಲಿ ಸೇರಿಸಿ ಒಟ್ಟಿಗೆ ಒಂದು ಸಲ ತಲೆಯಾಡಿಸಲು ಹೇಳಿ ಕಳುಹಿಸಿಬಿಡಬೇಕು. ರಜೆಯ ಮಹನೀಯರ ರಜೆಯನ್ನು ಅವರು ಬದುಕಿರುವ ತನಕ ವಿಸ್ತರಿಸಬೇಕು, ಆದರೆ ಹೊರಡುವ ಮುನ್ನ ಅವರ ಕಂಪ್ಯೂಟರನ್ನು ತಾವು ಜೋಪಾನವಾಗಿ ತೆಗೆದಿಟ್ಟುಕೊಳ್ಳಬೇಕು. ಮತ್ತು ಯಾವ ಸದಸ್ಯರೇ ಆಗಲಿ ಎಣ್ಣೆಯ ಬಗ್ಗೆ ಹತ್ತು ಸಾಲಿಗಿಂತ ಹೆಚ್ಚು ಬರೆದು ಕಳುಹಿಸಲು ಹೋದಾಗ, ‘ನಿಮ್ಮ ಅಕ್ಕನಿಗೆ ಬರೆದಿರಾ?’ ಎಂದು ಪರದೆಯ ಮೇಲೆ ಒಂದು ಪ್ರಶ್ನೆ ಮೂಡುವಂತೆ ಮಾಡಬೇಕು. ಅಕ್ಕ ಇಲ್ಲದವರಿಗೆ ತಾವೇ ಯಾರನ್ನಾದರೂ ಸೂಚಿಸಬಹುದು.

ಒಂದು ಮಾತು ಒಪ್ಪಿಕೊಳ್ಳದೆ ಮುಗಿಸಿದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಪಟ್ಟಿ ಬಿಡಲು ತಾವು ಅಷ್ಟು ತೊಡಕು ಇಟ್ಟಿರದಿದ್ದರೆ ನಾನು ಒಂದೇ ಗುಂಡಿ ಒತ್ತಿ ಹೊರಟುಬಿಡುತ್ತಿದ್ದೆ, ಆ ಖಾನೆಯನ್ನು ಹಾಗೆಯೇ ಅಳಿಸಿಬಿಡುತ್ತಿದ್ದೆ, ಅಕ್ಕನ ಐದಾರು ಸಾಲು ನನಗೆ ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಅದಕ್ಕಾಗಿ ನಾನು ತಮಗೆ ಋಣಿ. ತಮ್ಮ ಮೇಲೆ ನನಗೆ ಬಂದಿರುವ ಸಿಟ್ಟಿನಲ್ಲಿ ಅರ್ಧವನ್ನು ಈ ಲೆಕ್ಕದಲ್ಲಿ ವಜಾ ಮಾಡಿದ್ದೇನೆ. ಉಳಿದರ್ಧ ಹಾಗೆಯೇ ಇದೆ, ಬಾಡದಂತೆ ನೋಡಿಕೊಳ್ಳುತ್ತಿದ್ದೇನೆ.

ಇಷ್ಟೆಲ್ಲ ಆದರೂ, ಹೌದೆನ್ನುವ ಇಪ್ಪತ್ತನಾಲ್ಕು ಗಂಟೆ ರೈಲಿನಲ್ಲಿಯೇ ಕಳೆದುಹೋದದ್ದರಿಂದ,

ಇನ್ನೂ ತಮ್ಮ ಪಟ್ಟಿಯಲ್ಲೇ ಇರುವ,
ತಮ್ಮ ವಿಶ್ವಾಸಿ,
ಬೇಕರಿ ಪಕ್ಕದ ರಿಪೇರಿಯವಳು

ತಾ.ಕ.: ಇಂದು ಬೆಳಿಗ್ಗೆ ಅಕ್ಕನ ಮನೆಯಿಂದಲೇ ನನ್ನ ಬಿಡುಗಡೆಗೆ ಹೊಸದಾಗಿ ಅರ್ಜಿ ಹಾಕಿದ್ದೇನೆ. ನನ್ನ ಜಾಗ ಖಾಲಿ ಬೀಳುವುದೆಂದು ತಾವು ಮರುಗುವುದು ಬೇಡ. ಅಕ್ಕ ಸದಸ್ಯೆಯಾಗಿ ಸೇರಿಕೊಂಡಿದ್ದಾಳೆ. ಮೂವತ್ತನಾಲ್ಕು ವರ್ಷ ವ್ಯಾಕರಣ ಕಲಿಸಿದವಳು. ವೈದ್ಯರು ಇನ್ನೂ ಆರು ವಾರ ಭಾರ ಎತ್ತಬಾರದು, ಮನೆಯಲ್ಲೇ ವಿಶ್ರಾಂತಿಯಲ್ಲಿರಬೇಕು, ಬೇಕಾದರೆ ಓದು-ಬರಹ ಮಾಡಿಕೊಂಡಿರಬಹುದು ಎಂದಿದ್ದಾರೆ. ನಿನ್ನೆ ಒಂದೇ ದಿನ ಅರವತ್ತೊಂದು ಸಂದೇಶಗಳ ಕಾಗುಣಿತ ತಿದ್ದಿ ಮುಗಿಸಿದ್ದಾಳೆ, ಒಂದನೇ ತಾರೀಖಿನ ತಮ್ಮ ಸಾಲೂ ಅದರಲ್ಲಿ ಒಂದು. ಎಲ್ಲರಿಗೂ ಒಟ್ಟಿಗೆ ಕಳುಹಿಸುವ ಗುಂಡಿ ಯಾವುದು ಎಂದು ಈಗಷ್ಟೇ ಕೇಳಿದಳು. ತೋರಿಸಿಕೊಟ್ಟೆ.